ಪಕ್ಕದ ಮನೆಯವರ ಪಾತ್ರ

ನಮ್ಮ ಮನೆಗೆ ಟಿವಿ ಬಂದ ಹೊಸದರಲ್ಲಿ ಭಾನುವಾರ ಸಂಜೆ ಅಂದರೆ ನಡುಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಇಡೀ ಬೀದಿಗೆ ಇದ್ದಿದ್ದೇ ಎರಡು ಟಿವಿ. ಇನ್ನೊಂದು ಟಿವಿಯ ಮನೆಯವರು ಸ್ವಲ್ಪ ಬಿಗುಮಾನದವರು, ಹಾಗಾಗಿ ಎಲ್ಲರೂ ನಮ್ಮಲ್ಲಿಗೇ. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಚಾಪೆ, ಮಕ್ಕಳೆಲ್ಲ ಟಿವಿಗೆ ಮೂಗು ತಾಗುವಷ್ಟು ಹತ್ತಿರ. ಅವರೆಕಾಯಿ ಕಾಲವಾದರೆ ಯಾರಾದರೂ ಒಂದು ಮೊರ ಕಾಯಿ ತಂದು ಮಧ್ಯೆ ಸುರಿಯುತ್ತಿದ್ದರು. ಕಣ್ಣು ಟಿವಿ ಮೇಲೆ, ಕೈ ಕಾಯಿ ಮೇಲೆ.

ಅಂಥ ಒಂದು ಸಂಜೆ ‘ಶರಪಂಜರ’ ಬಂತು. ಎಪ್ಪತ್ತರ ದಶಕದ ಸಿನಿಮಾ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಅದು ಬಣ್ಣದ ಸಿನಿಮಾ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ, ನಮ್ಮದು ಕಪ್ಪು-ಬಿಳುಪು ಟಿವಿ. ಕಥೆ ನಿಮಗೆ ಗೊತ್ತಿರುತ್ತದೆ. ಹೆರಿಗೆ ಆದಮೇಲೆ ಕಾವೇರಿಯ ಮನಸ್ಸು ಹದ ತಪ್ಪುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ವಾಸಿಯಾಗಿದ್ದಾಳೆ ಅಂತ ನಂಬುವವರೇ ಇಲ್ಲ. ನಕ್ಕರೂ ಅನುಮಾನ, ಸಿಟ್ಟು ಬಂದರೂ ಅನುಮಾನ. ಗಂಡನೂ ದೂರ. ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ನಮ್ಮ ಚಾಪೆ ಮೇಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಮೂಲೆಮನೆಯ ಅಕ್ಕ ಮಾತ್ರ ಆಗ ಅಲ್ಲಿರಲಿಲ್ಲ. ಶುರುವಿನಲ್ಲಿ ಇದ್ದರು. ಬಾಗಿಲ ಪಕ್ಕ ಗೋಡೆಗೊರಗಿ ಕೂತು, ತಮ್ಮದೇ ಒಂದು ಸ್ಟೀಲ್ ಬೋಸಿ ತಂದುಕೊಂಡು ಕಾಳು ಬಿಡಿಸುತ್ತಿದ್ದರು. ಅವರಿಗೂ ಬಾಣಂತನದಲ್ಲಿ ಹೀಗೇ ಆಗಿತ್ತು, ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಇದು ಬೀದಿಗೆಲ್ಲ ಗೊತ್ತು. ನನ್ನಂಥ ಹತ್ತು ವರ್ಷದ ಮಕ್ಕಳಿಗೂ ಗೊತ್ತು. ಕಾವೇರಿ ಆಸ್ಪತ್ರೆಯಿಂದ ಬಂದು ಮನೆ ಹೊಸ್ತಿಲು ತುಳಿದಾಗ ಚಾಪೆಯಲ್ಲಿ ಒಂದು ಸಣ್ಣ ಅಲುಗಾಟ ಆಯಿತು. ಯಾರೂ ತಿರುಗಿ ನೋಡಲಿಲ್ಲ. ತಿರುಗಿ ನೋಡಬಾರದು ಅಂತ ಎಲ್ಲರೂ ಒಟ್ಟಿಗೇ ಹಿಡಿದುಕೊಂಡಿದ್ದು ನನಗೇ ಗೊತ್ತಾಗುತ್ತಿತ್ತು. ಆಮೇಲೆ ಅವರ ದನಿ ಕೇಳಿತು. “ಹಾಲು ಒಲೆ ಮೇಲಿಟ್ಟು ಬಂದಿದ್ದೆ, ಮರೆತೇ ಹೋಯ್ತು.” ಎದ್ದರು, ಹೋದರು. ಬೋಸಿ ಅಲ್ಲೇ ಉಳಿಯಿತು.

ಅವರು ಗೇಟು ದಾಟುವವರೆಗೂ ಕಾದು ಅಮ್ಮ ಹೇಳಿದಳು, “ಪಾಪ, ಅವಳೆದುರಿಗೆ ಇದನ್ನ ಹಾಕಬಾರದಿತ್ತು.” ಇನ್ನೊಬ್ಬರು, “ಈಗ ಸರಿಯಾಗೇ ಇದಾಳಲ್ಲ ಬಿಡ್ರಿ” ಅಂದರು. ಮತ್ತೊಬ್ಬರು ಮೂಗು ಒರೆಸಿಕೊಳ್ಳುತ್ತಾ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. “ಏನೇ ಅನ್ನಿ, ಅವಳ ಕೈಗೆ ನಮ್ಮ ಕೂಸು ಕೊಡೋಕೆ ನಂಗೆ ಈಗಲೂ ಧೈರ್ಯ ಬರಲ್ಲ.” ಟಿವಿಯಲ್ಲಿ ಕಾವೇರಿಯನ್ನು ಹಾಗೇ ನೋಡುವವರಿಗೆ ಅದೇ ಬಾಯಲ್ಲಿ ಶಾಪ ಹಾಕಿ ಎರಡು ನಿಮಿಷವೂ ಆಗಿರಲಿಲ್ಲ.

ಆ ಹೆಂಗಸರನ್ನು ಆಡಿಕೊಳ್ಳೋಕೆ ಇದನ್ನು ಬರೆಯುತ್ತಿಲ್ಲ. ಅವರ ಅಳು ನಿಜ. ಕಾವೇರಿಯ ಪಕ್ಕದಲ್ಲಿ ಕೂತೇ ಅತ್ತರು. ನಾನೂ ಅಷ್ಟೇ, ಜಾತಿ, ಮಡಿ, ಹುಚ್ಚು, ಹೆಣ್ಣು-ಗಂಡಿನ ವಿಚಾರದ ಯಾವ ಸಿನಿಮಾ ನೋಡಿದರೂ ಹಾಗೇ ನೋಡುತ್ತಾ ಬಂದವನು. ನೋವು ತಿನ್ನುವವರ ಪಕ್ಕದ ಸೀಟು ನನಗೆ ಮೊದಲೇ ರಿಸರ್ವ್ ಆಗಿರುತ್ತದೆ. ಕಥೆಯಲ್ಲಿ ನೂರು ಜನ ಇದ್ದರೂ ಆ ಒಬ್ಬರೊಳಗೇ ಹೋಗಿ ಕೂರುತ್ತೇನೆ. ಉಳಿದ ತೊಂಬತ್ತೊಂಬತ್ತು ಜನರಲ್ಲಿ ನಾನು ಯಾರು ಅಂತ ಹುಡುಕಲು ಶುರುಮಾಡಿದ್ದು ತೀರಾ ತಡವಾಗಿ.

ಶುರುಮಾಡಿಸಿದ್ದು ಅಜ್ಜಿ.

‘ಫಣಿಯಮ್ಮ’ ಎಂ.ಕೆ. ಇಂದಿರಾ ಅವರ ಕಾದಂಬರಿ, ಅವರ ಮನೆತನದ್ದೇ ಹಿರಿಯರೊಬ್ಬರ ಬದುಕಿನಿಂದ ಬಂದಿದ್ದು. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಎಲ್.ವಿ. ಶಾರದಾ ಫಣಿಯಮ್ಮ. ಆಡುವ ವಯಸ್ಸಿನಲ್ಲಿ ಮದುವೆ, ಮದುವೆ ಅಂದರೇನು ಅಂತ ತಿಳಿಯೋ ಮೊದಲೇ ವಿಧವೆ, ಆಮೇಲೆ ತಲೆ ಬೋಳಿಸಿ ಉದ್ದಕ್ಕೂ ಮಡಿ. ಅದೇ ಫಣಿಯಮ್ಮ ವಯಸ್ಸಾದ ಮೇಲೆ, ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದ ದಾಕ್ಷಾಯಿಣಿ ಅನ್ನೋ ಹುಡುಗಿಯ ಪರವಾಗಿ ನಿಲ್ಲುತ್ತಾಳೆ.

ಅದನ್ನು ನಾನು ಅಜ್ಜಿಯ ಜೊತೆ ನೋಡಿದೆ. ನಾನಾಗ ಕಾಲೇಜು. ಆಗ ಇಂಥವಕ್ಕೆಲ್ಲ ನಮ್ಮನೆಯಲ್ಲಿ ‘ಪ್ರಶಸ್ತಿ ಸಿನಿಮಾ’ ಅಂತ ಹೆಸರು. ಹಾಡಿಲ್ಲ, ಹೊಡೆದಾಟ ಇಲ್ಲ, ಮಾತಿಗೂ ಮಾತಿಗೂ ಮಧ್ಯೆ ಒಂದು ಕಾಫಿ ಕುಡಿದು ಬರಬಹುದು ಅನ್ನುತ್ತಿದ್ದರು ಅಪ್ಪ. ಅಜ್ಜಿ ಮಾತ್ರ ಕದಲದೆ ನೋಡಿದರು. ತಲೆ ಬೋಳಿಸುವ ವಿಚಾರ ಬಂದಾಗ ನನಗೆ ರಕ್ತ ಕುದಿಯುತ್ತಿತ್ತು. ಆ ವಯಸ್ಸಿನಲ್ಲಿ ಎಲ್ಲದಕ್ಕೂ ಕುದಿಯುತ್ತದೆ, ಅಲ್ವಾ? “ಎಂಥ ರಾಕ್ಷಸರಜ್ಜಿ ಅವರು!” ಅಂದೆ.

ಅಜ್ಜಿ ತಕ್ಷಣ ಏನೂ ಹೇಳಲಿಲ್ಲ. ಸಿನಿಮಾ ಮುಗಿದು ಟಿವಿ ಆರಿಸಿದ ಮೇಲೆ ಹೇಳಿದರು. “ರಾಕ್ಷಸರೇನಲ್ಲ ಮಗು. ನಮ್ಮ ಸೋದರತ್ತೆಗೆ ಮಾಡಿದಾಗ ಬಚ್ಚಲಿಂದ ಬಿಸಿನೀರು ತಂದುಕೊಟ್ಟವಳು ನಾನೇ. ತಾಮ್ರದ ಚೊಂಬು. ಬಿಸಿ ಜಾಸ್ತಿಯಾಯ್ತು ಅಂತ ಬೈಸಿಕೊಂಡೆ, ಮತ್ತೆ ಹೋಗಿ ತಣ್ಣೀರು ಬೆರೆಸಿ ತಂದೆ.”

ಅಷ್ಟೇ. ಅಳಲಿಲ್ಲ, ಪಶ್ಚಾತ್ತಾಪ ಅಂತಲೂ ಏನೂ ಹೇಳಲಿಲ್ಲ. ಆಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಆದರೂ ಅಷ್ಟು ವರ್ಷ ಆದಮೇಲೆ ಅವರಿಗೆ ನೆನಪಿದ್ದಿದ್ದು ಅತ್ತೆಯ ಮುಖಕ್ಕಿಂತ ನೀರಿನ ಹದ. ನಾನು ಆ ಸಿನಿಮಾದಲ್ಲಿ ಫಣಿಯಮ್ಮನನ್ನು ಬಿಟ್ಟು ಇನ್ಯಾರನ್ನೂ ನೋಡಿರಲಿಲ್ಲ. ಅಜ್ಜಿ ನೀರು ತಂದುಕೊಟ್ಟವರನ್ನು ಹುಡುಕುತ್ತಾ ಇಡೀ ಸಿನಿಮಾ ನೋಡಿದ್ದರು.

ಅಲ್ಲಿಂದ ಮುಂದೆ ನನ್ನ ನೋಟಕ್ಕೆ ಒಂದು ರೋಗ ಹತ್ತಿಕೊಂಡಿತು. ಫ್ರೇಮಿನ ಮಧ್ಯದಲ್ಲಿ ಇರುವವರನ್ನು ಬಿಟ್ಟು ಅಂಚಿನವರನ್ನು ನೋಡುವುದು. ಬಾಗಿಲ ಸಂದಿಯಲ್ಲಿ ನಿಂತವರು, ಬಾವಿಕಟ್ಟೆಯವರು, ‘ನಮಗ್ಯಾಕೆ’ ಅಂತ ಒಳಗೆ ಹೋದವರು.

‘ಚೋಮನ ದುಡಿ’ಯನ್ನೇ ನೋಡಿ. ಶಿವರಾಮ ಕಾರಂತರು ಕಾದಂಬರಿ ಬರೆದಿದ್ದು 1933ರಲ್ಲಿ, ಬಿ.ವಿ. ಕಾರಂತರು ಸಿನಿಮಾ ಮಾಡಿದ್ದು 1975ರಲ್ಲಿ. ಚೋಮನಾಗಿ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚೋಮನಿಗೆ ಸ್ವಂತಕ್ಕೆ ಒಂದು ತುಂಡು ಗದ್ದೆ ಉಳಬೇಕು ಅನ್ನುವ ಆಸೆ, ಜಾತಿ ಬಿಡುವುದಿಲ್ಲ. ಸಿಟ್ಟು, ದುಃಖ, ಖುಷಿ ಎಲ್ಲಕ್ಕೂ ಅವನ ಹತ್ತಿರ ಇರೋದು ಒಂದೇ ದುಡಿ. ಮೊದಲ ಸಲ ನೋಡಿದಾಗ ನನಗೆ ತಲೆತುಂಬಾ ಆ ದುಡಿಯ ಸದ್ದೇ. ಎರಡನೇ ಸಲ ನೋಡುವಾಗ ಕಣ್ಣು ನಿಂತಿದ್ದು ಬೇರೆ ಕಡೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಮುಟ್ಟಿದರೆ ಮೈಲಿಗೆ. ಅವರಲ್ಲಿ ಯಾರಿಗೂ ಹುಡುಗ ಸಾಯಲಿ ಅಂತ ಇರಲಿಕ್ಕಿಲ್ಲ. ಯಾರಾದರೂ ಇಳಿದಾರು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿರಬಹುದು. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ಆಫೀಸಿನ ಮೀಟಿಂಗಿನಲ್ಲಿ ಒಬ್ಬರನ್ನು ಹಣಿಯುವಾಗ, ಬಸ್ಸಿನಲ್ಲಿ ಒಬ್ಬ ಹುಡುಗಿಗೆ ಕಿರುಕುಳ ಆಗುವಾಗ ನಾನು ನಿಲ್ಲುವುದೂ ಹಾಗೇ.

ಅದನ್ನು ನೋಡುವಾಗ ಜೊತೆಯಲ್ಲಿ ಒಬ್ಬ ಗೆಳೆಯ ಇದ್ದ. ದಲಿತರವನು, ಓದಿಕೊಂಡವನು, ನನಗಿಂತ ಜಾಸ್ತಿ ಸಿನಿಮಾ ನೋಡಿದವನು. ನಾನು ಕಣ್ಣೊರೆಸಿಕೊಂಡಿದ್ದನ್ನು ನೋಡಿ ನಕ್ಕ. “ನಿಮ್ಮ ಸಿನಿಮಾದಲ್ಲಿ ನಮ್ಮೋರು ಸಾಯ್ತಾನೇ ಇರ್ತಾರೆ ಮಾರಾಯ, ನೀವು ಅಳ್ತಾನೇ ಇರ್ತೀರ. ಇಬ್ಬರಿಗೂ ಬೇಜಾರಾಗಲ್ವಾ?” ನನಗೆ ಸಿಟ್ಟು ಬಂತು. ಅಷ್ಟು ದೊಡ್ಡ ಸಿನಿಮಾ, ಅಂಥ ನಟನೆ! ವಾದ ಮಾಡಿದೆ. ಅವನು ವಾದ ಮಾಡಲಿಲ್ಲ, ‘ಫಂಡ್ರಿ’ ನೋಡಿದೀಯಾ ಅಂತ ಕೇಳಿದ.

ನೋಡಿರಲಿಲ್ಲ. ನಾಗರಾಜ ಮಂಜುಳೆಯವರ 2013ರ ಮರಾಠಿ ಸಿನಿಮಾ. ಜಬ್ಯಾ ಅನ್ನೋ ಹುಡುಗ. ಶಾಲೆಗೆ ಹೋಗ್ತಾನೆ, ಮೇಲ್ಜಾತಿಯ ಹುಡುಗಿಯೊಬ್ಬಳ ಮೇಲೆ ಮನಸ್ಸು, ಒಂದು ಜೀನ್ಸ್ ಪ್ಯಾಂಟಿನ ಆಸೆ. ಎಲ್ಲ ಹುಡುಗರ ಹಾಗೆ. ಊರಿನ ಹಂದಿ ಹಿಡಿಯುವ ಕೆಲಸ ಮಾತ್ರ ಅವನ ಮನೆಯವರದ್ದು. ಒಂದು ದಿನ ಶಾಲೆಯ ಹತ್ತಿರವೇ, ಆ ಹುಡುಗಿಯ ಎದುರಿಗೇ, ಅಪ್ಪ-ಅಮ್ಮ-ಅಕ್ಕನ ಜೊತೆ ಅವನೂ ಹಂದಿ ಬೆನ್ನಟ್ಟಬೇಕಾಗುತ್ತದೆ. ಈ ಬೆನ್ನಟ್ಟುವ ಭಾಗ ಬಹಳ ಹೊತ್ತು ನಡೆಯುತ್ತದೆ. ನಡುವೆ ಒಂದು ಸಲ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗಿ ಇವರೆಲ್ಲ ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ, ಹಂದಿ ತನ್ನ ಪಾಡಿಗೆ ತಪ್ಪಿಸಿಕೊಂಡು ಹೋಗುತ್ತದೆ. ನಗು ಬಂತು ನನಗೆ. ನಿಜವಾಗಿ ಬಂತು. ಆಮೇಲೆ ತೆರೆಯ ಮೇಲೂ ಜನ ಕೂತು ನೋಡುತ್ತಿದ್ದಾರೆ ಅನ್ನುವುದು ಗಮನಕ್ಕೆ ಬಂತು. ಕ್ರಿಕೆಟ್ ಮ್ಯಾಚು ನೋಡುವ ಹಾಗೆ ಕೇಕೆ ಹಾಕುತ್ತಾ, ನಗುತ್ತಾ. ನಾನು ನಕ್ಕ ಜಾಗದಲ್ಲೇ ಅವರೂ ನಗುತ್ತಿದ್ದರು.

ಹಿಡಿದ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತುಕೊಂಡು ಹೋಗುವಾಗ ಹಿಂದೆ ಶಾಲೆಯ ಗೋಡೆ. ಅದರ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಅವರ ಚಿತ್ರಗಳು. ಕೊನೆಗೆ ಕೆಣಕುತ್ತಾ ಬೆನ್ನುಹತ್ತಿದವರ ಮೇಲೆ ಜಬ್ಯಾ ಕಲ್ಲು ತೂರಲು ಶುರುಮಾಡುತ್ತಾನೆ. ಕೊನೆಯ ಕಲ್ಲು ನೇರ ಕ್ಯಾಮೆರಾ ಕಡೆಗೇ ಬರುತ್ತದೆ. ತೆರೆ ಕಪ್ಪು. ನಾನು ತಲೆ ಪಕ್ಕಕ್ಕೆ ತೆಗೆದುಕೊಂಡೆ. ಲ್ಯಾಪ್‌ಟಾಪಿನ ಮುಂದೆ, ರಾತ್ರಿ ಹನ್ನೊಂದೂವರೆಗೆ, ಒಬ್ಬನೇ ಕೂತು. ಆ ಸಿನಿಮಾಗೆ ಅಳು ಬರಲಿಲ್ಲ. ಗೆಳೆಯನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. “ಹ್ಞೂಂ, ಬಿತ್ತಾ?” ಅಂದ, ಅಷ್ಟೇ.

ಎಲ್ಲ ‘ಸೂಕ್ಷ್ಮ ವಿಷಯ’ದ ಸಿನಿಮಾಗಳನ್ನೂ ಹೊಗಳುವವನು ನಾನಲ್ಲ ಮತ್ತೆ. ಎಷ್ಟನ್ನೋ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೇನೆ. ಅತ್ಯಾಚಾರವನ್ನು ಖಂಡಿಸುತ್ತೇವೆ ಅಂತ ಅದನ್ನೇ ನಾಲ್ಕು ಕಡೆಯಿಂದ ತೋರಿಸುವವರು ಇದ್ದಾರಲ್ಲ, ಅವರ ಮೇಲೆ ನನಗೆ ಬಹಳ ಸಿಟ್ಟು. ಕೊನೆಯ ಹತ್ತು ನಿಮಿಷ ಕೋರ್ಟಿನಲ್ಲೋ ವೇದಿಕೆಯಲ್ಲೋ ನಾಯಕನ ಕೈಗೆ ಮೈಕು ಕೊಟ್ಟು ಭಾಷಣ ಮಾಡಿಸುವುದೂ ಆಗಿಬರುವುದಿಲ್ಲ. ನನ್ನಿಂದ ಬಹಳ ದೂರ ಇರುವ ಯಾರನ್ನೋ ತೋರಿಸಿ, ಅವರನ್ನು ದ್ವೇಷ ಮಾಡು ಅಂತ ಹುರಿದುಂಬಿಸಿ ಕಳಿಸುವ ಸಿನಿಮಾಗಳಂತೂ ಬೇಡವೇ ಬೇಡ. ಅವುಗಳಿಂದ ಹೊರಬರುವಾಗ ಜನ ಬಹಳ ಖುಷಿಯಾಗಿರುತ್ತಾರೆ, ನೋಡಿದ್ದೀರಾ?

ನಗುವಿನ ಇನ್ನೊಂದು ಪ್ರಸಂಗ ಇದೆ. 2015ರಲ್ಲಿ ‘ನಾನು ಅವನಲ್ಲ ಅವಳು’ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ, ಬಿ.ಎಸ್. ಲಿಂಗದೇವರು ನಿರ್ದೇಶನ. ಮಾದೇಶ ವಿದ್ಯಾ ಆಗುವ ಕಥೆ. ಸಂಚಾರಿ ವಿಜಯ್ ಅವರಿಗೆ ಅದಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು. ಆ ಸುದ್ದಿ ಓದಿಕೊಂಡೇ ಗಂಭೀರವಾಗಿ ಸಿನಿಮಾಗೆ ಬಂದವರು ನಾವೆಲ್ಲ. ಆದರೂ ಶುರುವಿನಲ್ಲಿ, ಹುಡುಗನೊಬ್ಬ ಹುಡುಗಿಯ ಹಾಗೆ ಬಳುಕಿದಾಗ, ಥಿಯೇಟರಿನಲ್ಲಿ ಪಕ್ಕನೆ ನಗು ಎದ್ದಿತು. ನನ್ನ ಗಂಟಲಲ್ಲೂ. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ ಯಾರೂ. ಸೀರೆ ಉಟ್ಟ ಗಂಡಸು ತೆರೆ ಮೇಲೆ ಬಂದರೆ ನಗಬೇಕು ಅಂತ ನಮಗೆ ಕಾಮಿಡಿ ಸಿನಿಮಾಗಳು ಅಷ್ಟು ವರ್ಷ ಅಭ್ಯಾಸ ಮಾಡಿಸಿಬಿಟ್ಟಿವೆ. ಬಲ್ಬು ಉರಿದರೆ ಹುಳ ಬಂದ ಹಾಗೆ ನಗು ಬರುತ್ತದೆ. ಸುಮಾರು ಅರ್ಧ ಗಂಟೆ ಬೇಕಾಯಿತು ಆ ನಗು ಪೂರ್ತಿ ನಿಲ್ಲಲು. ಕೊನೆಯಲ್ಲಿ ನಿಲ್ಲಿಸಿದ್ದು ಹಿಂದಿನ ಸಾಲಿನ ಇಬ್ಬರು. ಅವರಿಗೆ ಯಾರೂ ‘ಶ್’ ಅನ್ನಲಿಲ್ಲ, ಯಾಕಂದರೆ ಸ್ವಲ್ಪ ಹೊತ್ತಿನ ಮೊದಲು ಎಲ್ಲರೂ ನಕ್ಕಿದ್ದೆವು.

2021ರಲ್ಲಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಮನೆಯವರು ಅಂಗಾಂಗ ದಾನ ಮಾಡಿದರು. ಆ ದಿನ ಎಲ್ಲರ ಸ್ಟೇಟಸ್ಸಿನಲ್ಲೂ ಆ ಸಿನಿಮಾದ ಫೋಟೋ. ನಾನೂ ಹಾಕಿದೆ.

ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ ‘ಘಟಶ್ರಾದ್ಧ’. ಮೊದಲು ನೋಡಿದ್ದು ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಸಿನಿಮಾ ಹಾಕುತ್ತಿದ್ದ ಕಾಲದಲ್ಲಿ. ಊಟ ಮಾಡಿ ಕಣ್ಣೆಳೆಯುವ ಹೊತ್ತು. ಕೆಳಗೆ ಇಂಗ್ಲಿಷ್ ಅಕ್ಷರ. ಆಗ ಏನೂ ಅರ್ಥ ಆಗಲಿಲ್ಲ, ರಾತ್ರಿಯ ಕಾಡು ನೋಡಿ ಹೆದರಿಕೆ ಮಾತ್ರ ಆಗಿತ್ತು. 2024ರಲ್ಲಿ ಅದರ ಪ್ರತಿಯನ್ನು ದುರಸ್ತಿ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿ, ಹಳೆಯ ಮಸುಕು ಪ್ರತಿಯನ್ನೇ ಹುಡುಕಿ ಮತ್ತೆ ನೋಡಿದೆ.

ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ, 1977. ವೇದ ಕಲಿಯಲು ಉಡುಪರ ಮನೆಗೆ ಬಂದ ಪುಟ್ಟ ಹುಡುಗ ನಾಣಿ. ದೊಡ್ಡ ಹುಡುಗರು ಅವನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಅವನಿಗೆ ಅಲ್ಲಿ ಇರುವ ಒಂದೇ ತಂಪು ಉಡುಪರ ಮಗಳು, ವಿಧವೆ ಯಮುನಕ್ಕ. ಅವಳು ಬಸಿರಾಗಿದ್ದಾಳೆ. ಅಗ್ರಹಾರದ ಪಿಸುಗುಡುವಿಕೆಯನ್ನೆಲ್ಲ ನಾವು ಕೇಳುವುದು ನಾಣಿಯ ಕಿವಿಯಲ್ಲಿ. ಅವನಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು. ಅವಳು ಸಾಯಲು ಹಾವಿನ ಹುತ್ತಕ್ಕೆ ಕೈ ಹಾಕುವಾಗಲೂ ಜೊತೆಗಿರುವುದು ಈ ಹುಡುಗನೇ.

ಕೊನೆಗೆ ಅಪ್ಪ ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡುತ್ತಾನೆ. ಮಣ್ಣಿನ ಘಟ ಒಡೆದರೆ ಅವಳು ಸತ್ತ ಲೆಕ್ಕ. ನಾಣಿಯನ್ನು ಮನೆಗೆ ಕರೆದುಕೊಂಡು ಹೋಗಲು ಅವನ ಅಪ್ಪ ಬಂದಿದ್ದಾರೆ. ದಾರಿಯಲ್ಲಿ ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಕೂತಿರುವುದು ಕಾಣುತ್ತದೆ.

ಹುಡುಗ ನೋಡುತ್ತಾನೆ. ಹೋಗುತ್ತಾನೆ.

ಈ ಸಲ ನಾನು ಅಲ್ಲಿ ನಿಲ್ಲಿಸಿ ಹಿಂದಕ್ಕೆ ಎಳೆದು ಎಳೆದು ನೋಡಿದೆ. ಯಮುನಕ್ಕನಿಗಾಗಿ ಮರುಗುವುದು ಸುಲಭ. ಉಡುಪರಿಗೆ, ಊರವರಿಗೆ ಬೈಯುವುದು ಅದಕ್ಕಿಂತ ಸುಲಭ. ಆದರೆ ನಾಣಿಯನ್ನು ಏನು ಮಾಡುವುದು? ಒಳ್ಳೆಯ ಹುಡುಗ. ಅವಳನ್ನು ನಿಜವಾಗಿ ಇಷ್ಟಪಟ್ಟಿದ್ದ. ಅಪ್ಪ ಕೈ ಹಿಡಿದು ಎಳೆದರೆ ಏನು ಮಾಡಲು ಸಾಧ್ಯ ಅವನಿಗೆ? ಏನೂ ಇಲ್ಲ. ನನಗೆ ಅದು ಗೊತ್ತು. ಅಜ್ಜಿಗೂ ಎಂಟು ವರ್ಷವೇ ಆಗಿತ್ತು, ಚೊಂಬು ಹಿಡಿದಾಗ. ಆದರೂ ಆ ಕಥೆಯನ್ನು ದೊಡ್ಡವನಾದ ನಾಣಿಯೇ ಹೇಳುತ್ತಿದ್ದಾನೇನೋ ಅನ್ನಿಸುತ್ತದೆ ನನಗೆ, ಒಂದು ಸಲ ತಿರುಗಿ ನೋಡಿದ್ದನ್ನು ಬಿಡಲಾಗದೆ.

ಅದೇ ಗುಂಗಿನಲ್ಲಿ ಹೋದ ತಿಂಗಳು ‘ಶರಪಂಜರ’ವನ್ನೂ ಹಾಕಿಕೊಂಡೆ. ಯೂಟ್ಯೂಬ್, ಮೊಬೈಲು, ಕಿವಿಗೆ ಇಯರ್‌ಫೋನು. ಕಲ್ಪನಾ ಸೀರೆಗಳಿಗೆ ಎಷ್ಟೊಂದು ಬಣ್ಣ! ಕೆಲವು ಕಡೆ ನಟನೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು, ಪುಟ್ಟಣ್ಣನ ಅಭಿಮಾನಿಗಳು ಬೈಯಬೇಡಿ. ಕಾವೇರಿ ವಾಪಸು ಮನೆಗೆ ಬರುವ ಭಾಗ ಬಂದಾಗ ಸಿನಿಮಾ ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ಮೂಲೆಮನೆ ಅಕ್ಕ ಆಮೇಲೆ ನಮ್ಮನೆಗೆ ಸಿನಿಮಾ ನೋಡೋಕೆ ಬಂದಿದ್ರಾ?”

“ಯಾವ ಆಮೇಲೆ?”

ಹೇಳಿದೆ. ಅಮ್ಮನಿಗೆ ನೆನಪಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬರಲಿಲ್ಲ ಅನ್ಸುತ್ತೆ. ನಾವೂ ಕರೀಲಿಲ್ಲ. ಕರೆದರೆ ಬೇಜಾರು ಮಾಡ್ಕೊತಾಳೇನೋ ಅಂತ...” ಅಷ್ಟಕ್ಕೇ ನಿಲ್ಲಿಸಿ, “ಅವಳ ಬೋಸಿ ಇಲ್ಲೇ ಬಿಟ್ಟು ಹೋಗಿದ್ದಳು. ಮಾರನೇ ದಿನ ನಿನ್ನ ಕೈಲೇ ಕೊಟ್ಟು ಕಳಿಸಿದ್ದೆ. ಕೊಟ್ಟೆ ತಾನೇ?” ಅಂದಳು.

“ಕೊಟ್ಟೆ” ಅಂದೆ.

ಬಿಡಿಸಿದ ಕಾಳು ಅರ್ಧ ಬೋಸಿ ಇತ್ತು. ಮೇಲೆ ಅಮ್ಮ ಒಂದು ತಟ್ಟೆ ಮುಚ್ಚಿದ್ದಳು. ಅವರ ಬಾಗಿಲು ತೆರೆದೇ ಇತ್ತು, ಒಳಗೆ ಕುಕ್ಕರಿನ ಸದ್ದು. ನಾನು ಬೋಸಿಯನ್ನು ಸದ್ದಾಗದ ಹಾಗೆ ಜಗಲಿ ಮೇಲಿಟ್ಟು, ಅವರು ಹೊರಗೆ ಬರುವ ಮೊದಲೇ ಓಡಿ ಬಂದಿದ್ದೆ.